ಇಪ್ಪತ್ತೆರಡು ವರ್ಷ ತಡವಾಗಿ ಬಂದ ಎರಡನೇ ಆಲ್ಬಮ್

ಸುಗಮ ಸಂಗೀತದ ಕಾರ್ಯಕ್ರಮಗಳಲ್ಲಿ ಒಂದು ಗಳಿಗೆಯನ್ನು ನೀವೂ ನೋಡಿರುತ್ತೀರಿ. ಗಾಯಕರು ಗಂಟಲು ಸರಿಮಾಡಿಕೊಂಡು, ‘ಈಗ ನನ್ನದೇ ಒಂದು ಹೊಸ ರಾಗಸಂಯೋಜನೆ’ ಎನ್ನುತ್ತಾರೆ. ಅಷ್ಟು ಹೇಳಿದ್ದೇ ತಡ, ಹಿಂದಿನ ಸಾಲಿನವರು ಕಾಫಿಗೆಂದು ಏಳುತ್ತಾರೆ. ಮುಂದಿನ ಸಾಲಿನಿಂದ ಚೀಟಿಯೊಂದು ಕೈಯಿಂದ ಕೈಗೆ ದಾಟುತ್ತ ವೇದಿಕೆಗೆ ಹೊರಡುತ್ತದೆ. ಅದರಲ್ಲಿ ಮೂವತ್ತು ವರ್ಷದ ಹಿಂದಿನ ಹಾಡಿನ ಹೆಸರು ಇರುತ್ತದೆ. ಗಾಯಕರು ಚೀಟಿ ಓದಿ ನಗುತ್ತಾರೆ. ಆ ನಗುವಿನಲ್ಲಿ ಎಷ್ಟು ಸಂತೋಷ, ಎಷ್ಟು ಸಂಕಟ ಎಂದು ನಾನಂತೂ ಇದುವರೆಗೆ ಲೆಕ್ಕ ಹಾಕಲಾರದೆ ಹೋಗಿದ್ದೇನೆ.

ರಾಕ್ ಸಂಗೀತದಲ್ಲಿ ಕೈಚೀಟಿ ಇಲ್ಲ, ಕೂಗು ಇದೆ. ಒಮ್ಮೆ ಮುರಿದು ಮತ್ತೆ ಕೂಡಿದ ಬ್ಯಾಂಡ್‌ಗಳಿಗೆ ಈ ಕೂಗಿನ ಕಾಟ ಇನ್ನೂ ಹೆಚ್ಚು. ಜನ ದುಡ್ಡು ಕೊಟ್ಟು ಬಂದಿರುವುದೇ ಹಳೆಯದಕ್ಕಾಗಿ. ತಮ್ಮ ಇಪ್ಪತ್ತನೇ ವಯಸ್ಸು ಒಂದೂವರೆ ಗಂಟೆ ಮಟ್ಟಿಗೆ ವಾಪಸು ಸಿಗಲಿ ಎಂಬ ಆಸೆಯಿಂದ ಅವರು ಬರುತ್ತಾರೆ. ಅಂಥವರ ಮುಂದೆ ನಿಂತು ‘ನಿನ್ನೆ ಬರೆದ ಹಾಡು ಕೇಳಿ’ ಎನ್ನಲು ಧೈರ್ಯ ಬೇಕು. ಪಂಕ್ ರಾಕ್ ಬ್ಯಾಂಡ್ ಆಗಿದ್ದರಂತೂ ಧೈರ್ಯದ ಜೊತೆ ಭಂಡತನವೂ ಬೇಕು. ಏಕೆಂದರೆ ಪಂಕ್ ಹುಟ್ಟಿದ್ದೇ ಮುದಿ ರಾಕ್ ತಾರೆಗಳನ್ನು ಗೇಲಿ ಮಾಡುತ್ತ.

ಆ ಹುಟ್ಟನ್ನು ನೆನಪಿಸಿಕೊಳ್ಳಬೇಕು. 1970ರ ದಶಕದ ನಡುವಿನ ಹೊತ್ತಿಗೆ ರಾಕ್ ದೊಡ್ಡ ಮನೆತನದಂತಾಗಿತ್ತು. ಇಪ್ಪತ್ತು ನಿಮಿಷದ ಹಾಡುಗಳು, ಲಾರಿಗಟ್ಟಲೆ ಸಲಕರಣೆ, ಕ್ರೀಡಾಂಗಣದಲ್ಲಿ ಕಛೇರಿ. ನ್ಯೂಯಾರ್ಕಿನ ಬೌರಿ ಬೀದಿಯಲ್ಲಿದ್ದ ಸಿಬಿಜಿಬಿ ಎಂಬ ಇಕ್ಕಟ್ಟಾದ ಕ್ಲಬ್ಬಿನಲ್ಲಿ ಇದಕ್ಕೆ ಸಡ್ಡು ಹೊಡೆದವರಲ್ಲಿ ರಮೋನ್ಸ್ ಪ್ರಮುಖರು. 1976ರಲ್ಲಿ ಬಂದ ಅವರ ಮೊದಲ ಆಲ್ಬಮ್ಮಿನಲ್ಲಿ 14 ಹಾಡುಗಳಿವೆ, ಎಲ್ಲ ಸೇರಿ ಅರ್ಧ ಗಂಟೆಯೂ ಆಗುವುದಿಲ್ಲ. ಗಿಟಾರಿನಲ್ಲಿ ಮೂರು ಕಾರ್ಡ್ (ಸ್ವರಗುಚ್ಛ) ಕಲಿತರೆ ಸಾಕು, ನೀನೂ ವೇದಿಕೆ ಹತ್ತು ಎಂಬುದು ಪಂಕ್‌ನ ಅಲಿಖಿತ ಶಾಸನ. ಕೇಳುವವರಿಗೂ ನುಡಿಸುವವರಿಗೂ ನಡುವೆ ಅಂತರ ಇರಬಾರದು ಎನ್ನುವುದು ಅದರ ಎರಡನೇ ಕಲಮು. ನಮ್ಮಲ್ಲಿ ರಾಜಕುಮಾರ್ ಅಭಿಮಾನಿಗಳನ್ನು ದೇವರುಗಳೆಂದು ಕರೆದರು. ಪಂಕ್‌ನಲ್ಲಿ ದೇವರೂ ಇಲ್ಲ, ಭಕ್ತರೂ ಇಲ್ಲ. ಇವತ್ತು ಮುಂದಿನ ಸಾಲಿನಲ್ಲಿ ನಿಂತು ಕುಣಿದ ಹುಡುಗ ಮುಂದಿನ ವಾರ ಅದೇ ವೇದಿಕೆಯಲ್ಲಿ ಡ್ರಮ್ ಬಾರಿಸುತ್ತಾನೆ.

ಹೀಗೆ ಹುಟ್ಟಿದ ಸಂಗೀತಕ್ಕೆ ವಯಸ್ಸಾದಾಗ ಏನು ಮಾಡಬೇಕು? ಒಂದು ಉತ್ತರವನ್ನು ಲಂಡನ್ನಿನ ಸೆಕ್ಸ್ ಪಿಸ್ಟಲ್ಸ್ ಕೊಟ್ಟರು. 1977ರಲ್ಲಿ ಒಂದೇ ಒಂದು ಸ್ಟುಡಿಯೋ ಆಲ್ಬಮ್ ತಂದು, 1978ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಚ್ಚಾಡಿಕೊಂಡು ಚದುರಿದ ತಂಡ ಅದು. 1996ರಲ್ಲಿ ಮತ್ತೆ ಸೇರಿತು. ಆ ಪ್ರವಾಸಕ್ಕೆ ಅವರೇ ಇಟ್ಟ ಹೆಸರು ‘ಫಿಲ್ತಿ ಲೂಕರ್’, ಅಂದರೆ ಕೊಳಕು ಕಾಸು. ದುಡ್ಡಿಗಾಗಿಯೇ ಸೇರಿದ್ದೇವೆ ಎಂದು ಮುಚ್ಚುಮರೆಯಿಲ್ಲದೆ ಸಾರಿದರು. ಆ ಪ್ರಾಮಾಣಿಕತೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಹೊಸ ಆಲ್ಬಮ್ ಮಾತ್ರ ಬರಲಿಲ್ಲ, ಇಂದಿಗೂ ಬಂದಿಲ್ಲ.

ಇನ್ನೊಂದು ಉತ್ತರ ಅಮೆರಿಕದ ಬಾಸ್ಟನ್ ನಗರದಿಂದ ಬಂತು. ಈ ಬರಹ ಇರುವುದು ಅದರ ಬಗ್ಗೆ.

ಬ್ಯಾಂಡಿನ ಹೆಸರು ಮಿಷನ್ ಆಫ್ ಬರ್ಮಾ. ಬರ್ಮಾ ಎಂದರೆ ನಮಗೆ ನೆನಪಾಗುವುದು ಹಳೇ ಮನೆಗಳ ತೇಗದ ಬಾಗಿಲು. ಈ ಹುಡುಗರಿಗೆ ಆ ದೇಶದ ಜೊತೆ ಅಷ್ಟು ಸಂಬಂಧವೂ ಇರಲಿಲ್ಲ. ಬಾಸ್ ಗಿಟಾರ್ ನುಡಿಸುತ್ತಿದ್ದ ಕ್ಲಿಂಟ್ ಕಾನ್ಲಿ ನ್ಯೂಯಾರ್ಕಿನಲ್ಲಿ ಓಡಾಡುವಾಗ ರಾಜತಾಂತ್ರಿಕ ಕಚೇರಿಯೊಂದರ ಮೇಲೆ ಈ ಫಲಕ ಕಂಡರಂತೆ. ಹೆಸರಿನ ಗತ್ತು ಹಿಡಿಸಿತು, ಎತ್ತಿಕೊಂಡರು. 1979ರಲ್ಲಿ ಬ್ಯಾಂಡ್ ಶುರುವಾಯಿತು. ಗಿಟಾರಿಗೆ ರೋಜರ್ ಮಿಲ್ಲರ್, ಡ್ರಮ್ಸಿಗೆ ಪೀಟರ್ ಪ್ರೆಸ್ಕಾಟ್. ಮೂವರೂ ಹಾಡುತ್ತಿದ್ದರು, ಮೂವರೂ ಹಾಡು ಬರೆಯುತ್ತಿದ್ದರು.

ನಾಲ್ಕನೆಯವರು ಮಾರ್ಟಿನ್ ಸ್ವೋಪ್. ಅವರು ವೇದಿಕೆ ಹತ್ತುತ್ತಿರಲಿಲ್ಲ. ಸಭಾಂಗಣದ ಹಿಂಬದಿಯಲ್ಲಿ, ಧ್ವನಿ ನಿಯಂತ್ರಿಸುವ ಮೇಜಿನ ಪಕ್ಕ, ಸ್ಪೂಲ್ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂರುತ್ತಿದ್ದರು. ಮುಂದೆ ಮೂವರು ನುಡಿಸುತ್ತಿದ್ದುದರಲ್ಲಿ ನಾಲ್ಕು ಕ್ಷಣದ ತುಣುಕನ್ನು ಹಿಡಿದು, ಸುತ್ತುಹಾಕಿ, ಕೆಲವೊಮ್ಮೆ ತಿರುಗುಮುರುಗಾಗಿಸಿ, ಅದೇ ಹಾಡಿನೊಳಕ್ಕೆ ವಾಪಸು ಬಿಡುತ್ತಿದ್ದರು. ಕಣ್ಣಿಗೆ ಕಾಣುವುದು ಮೂರು ಜನ. ಕಿವಿಗೆ ಕೇಳುವುದು ಮಾತ್ರ ಆ ಮೂವರ ಕೈಯಲ್ಲಿ ಸಾಧ್ಯವೇ ಇಲ್ಲದ ಸದ್ದು. ಎಲ್ಲಿಂದ ಬಂತು ಎಂದು ಜನ ಸುತ್ತ ನೋಡಿದರೆ ಗೊತ್ತಾಗುತ್ತಿರಲಿಲ್ಲ. ಯಕ್ಷಗಾನದಲ್ಲಿ ಭಾಗವತರು ಕಾಣದ ಕಡೆ ಕೂತು ಪದ ಹೇಳಿದರೆ ಹೇಗಿರುತ್ತದೆ ಎಂದು ಊಹಿಸಿ. ಇವತ್ತು ಪುಟ್ಟದೊಂದು ಪೆಡಲ್ ಒತ್ತಿದರೆ ಆಗುವ ಕೆಲಸ. ಆಗ ಕೈಯಲ್ಲಿ ಟೇಪ್ ಎಳೆದು ಮಾಡಬೇಕಿತ್ತು, ಹಾಡು ಮುಗಿಯುವುದರೊಳಗೆ.

1981ರಲ್ಲಿ ‘ಸಿಗ್ನಲ್ಸ್, ಕಾಲ್ಸ್ ಅಂಡ್ ಮಾರ್ಚಸ್’ ಎಂಬ ಚಿಕ್ಕ ರೆಕಾರ್ಡ್, 1982ರಲ್ಲಿ ‘ವರ್ಸಸ್’ ಎಂಬ ಪೂರ್ಣ ಆಲ್ಬಮ್. ಬಾಸ್ಟನ್ನಿನದೇ ಆದ ಏಸ್ ಆಫ್ ಹಾರ್ಟ್ಸ್ ಎಂಬ ಸಣ್ಣ ಸಂಸ್ಥೆ ಇವನ್ನು ಹೊರತಂದಿತು. ಪಂಕ್‌ನ ಮೂರು ಕಾರ್ಡಿನ ಶಾಸನವನ್ನು ಇವರು ಪಾಲಿಸಲಿಲ್ಲ. ಮಿಲ್ಲರ್ ಸಂಗೀತ ಓದಿದವರು, ಪಿಯಾನೋ ಬಲ್ಲವರು. ಆದ್ದರಿಂದ ಇವರನ್ನು ಪಂಕ್ ಎನ್ನಬೇಕೋ ಪೋಸ್ಟ್-ಪಂಕ್ ಎನ್ನಬೇಕೋ ಎಂಬ ಜಗಳ ವಿಮರ್ಶಕರಲ್ಲಿದೆ. ಆ ಜಗಳ ಅವರಿಗೇ ಇರಲಿ. ರಭಸ ಪಂಕ್‌ನದು, ರೊಚ್ಚು ಪಂಕ್‌ನದು, ಎಲ್ಲಕ್ಕಿಂತ ಹೆಚ್ಚಾಗಿ ಗದ್ದಲ ಪಂಕ್‌ನದು.

ಆ ಗದ್ದಲವೇ ಬ್ಯಾಂಡನ್ನು ನುಂಗಿತು.

ಗಣಪತಿ ಮೆರವಣಿಗೆಯ ಡಿಜೆ ಪೆಟ್ಟಿಗೆಗಳ ಮುಂದೆ ಅರ್ಧ ಗಂಟೆ ನಿಂತು ಮನೆಗೆ ಬಂದವರಿಗೆ ಒಂದು ಅನುಭವ ಆಗಿರುತ್ತದೆ. ಸುತ್ತ ಸದ್ದಡಗಿದೆ, ಕಿವಿಯೊಳಗೆ ಮಾತ್ರ ಗುಂಯ್ ಎನ್ನುತ್ತಿದೆ. ಬೆಳಗಾಗುವಷ್ಟರಲ್ಲಿ ಸಾಮಾನ್ಯವಾಗಿ ಹೋಗಿರುತ್ತದೆ. ಕೆಲವರಿಗೆ ಹೋಗುವುದಿಲ್ಲ. ಅದಕ್ಕೆ ಕಿವಿಮೊರೆತ ಎನ್ನುತ್ತಾರೆ, ವೈದ್ಯರ ಮಾತಿನಲ್ಲಿ ಟಿನ್ನಿಟಸ್. ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಒಂದು ಅಂಗವಿದೆ. ಅದರಲ್ಲಿ ಸುಮಾರು 15,000 ರೋಮಕೋಶಗಳು ಸಾಲುಗಟ್ಟಿವೆ. ಸದ್ದಿನ ಕಂಪನಕ್ಕೆ ಇವು ಗಾಳಿಗೆ ಭತ್ತದ ಪೈರಿನಂತೆ ಬಾಗುತ್ತವೆ, ಆ ಬಾಗುವಿಕೆಯೇ ವಿದ್ಯುತ್ ಸಂಕೇತವಾಗಿ ಮಿದುಳಿಗೆ ಹೋಗುತ್ತದೆ. ಬಿರುಗಾಳಿ ಬೀಸಿದರೆ ಪೈರು ಮಲಗುತ್ತದೆ. ಒಂದೆರಡು ಸಲ ಮಲಗಿದರೆ ಮತ್ತೆ ಎದ್ದೀತು, ಮೇಲಿಂದ ಮೇಲೆ ಹೊಡೆತ ಬಿದ್ದರೆ ಸಾಯುತ್ತದೆ. ಕೋಳಿಗೆ ಸತ್ತ ರೋಮಕೋಶ ಮತ್ತೆ ಬೆಳೆಯುತ್ತದೆ, ಮನುಷ್ಯರಿಗೆ ಬೆಳೆಯುವುದಿಲ್ಲ. ಈ ವಿಷಯದಲ್ಲಿ ಸೃಷ್ಟಿ ನಮಗಿಂತ ಕೋಳಿಯ ಪಕ್ಷ ವಹಿಸಿದೆ.

ಕೋಶ ಸತ್ತ ಜಾಗದಿಂದ ಮಿದುಳಿಗೆ ಸುದ್ದಿ ಬರುವುದು ನಿಲ್ಲುತ್ತದೆ. ಆಗ ಮಿದುಳು ಸುಮ್ಮನಿರುವುದಿಲ್ಲ. ರೇಡಿಯೋ ಸ್ಟೇಷನ್ ಸಿಗದಿದ್ದಾಗ ನಾವು ವಾಲ್ಯೂಮ್ ತಿರುಗಿಸುವಂತೆ ತನ್ನೊಳಗಿನ ದನಿಯನ್ನೇ ಏರಿಸಿಕೊಳ್ಳುತ್ತದೆ. ಹೊರಗೆ ಇಲ್ಲದ ಸದ್ದು ಒಳಗೆ ಕೇಳುವುದು ಹೀಗೆ ಎಂದು ಹೆಚ್ಚಿನ ತಜ್ಞರು ಈಗ ವಿವರಿಸುತ್ತಾರೆ. ಎಷ್ಟು ಸದ್ದು ಅಪಾಯ? ಕೆಲಸಗಾರರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದಿನ ನಡುವೆ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್ ಏರಿದಾಗ ಆ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬೆಲ್ ತಲುಪಿದರೆ ಉಳಿಯುವುದು 15 ನಿಮಿಷ. ರಾಕ್ ಕಾರ್ಯಕ್ರಮಗಳು ಅಲ್ಲಿಂದಲೇ ಶುರುವಾಗುತ್ತವೆ.

ಮಿಲ್ಲರ್ ಆ ಸದ್ದಿನಲ್ಲಿ ನಾಲ್ಕು ವರ್ಷ ಹತ್ತಿರ ಹತ್ತಿರ ನಿತ್ಯವೂ ನಿಂತರು. ತಾಲೀಮು ಬೇರೆ. ಕೊನೆಕೊನೆಗೆ ಬಂದೂಕು ಹಾರಿಸುವವರು ಹಾಕಿಕೊಳ್ಳುವ ದಪ್ಪ ಕಿವಿಮುಚ್ಚಳ ಹಾಕಿಕೊಂಡು ಗಿಟಾರ್ ನುಡಿಸಿದರು. ಆ ಹೊತ್ತಿನ ಚಿತ್ರಗಳನ್ನು ನೋಡಿದರೆ ಹಾಡುಗಾರ ಎನ್ನುವುದಕ್ಕಿಂತ ಹೆಲಿಕಾಪ್ಟರ್ ನಡೆಸುವವರಂತೆ ಕಾಣುತ್ತಾರೆ. ಮೊರೆತ ನಿಲ್ಲಲಿಲ್ಲ. 1983ರಲ್ಲಿ ಬ್ಯಾಂಡ್ ನಿಂತಿತು. ಅವರಲ್ಲಿ ಮನಸ್ತಾಪ ಇರಲಿಲ್ಲ, ಪಾಲುಗಾರಿಕೆಯ ವ್ಯಾಜ್ಯ ಇರಲಿಲ್ಲ, ಯಾರೂ ಯಾರನ್ನೂ ಹೊರಹಾಕಲಿಲ್ಲ. ಒಬ್ಬ ಮನುಷ್ಯನ ಒಳಗಿವಿ ಇನ್ನು ಸಾಕು ಎಂದಿತು, ಅಷ್ಟೆ.

ಈ ಕಾರಣ ಸಣ್ಣದಲ್ಲ. ಜಗಳದಿಂದ ಮುರಿದ ಬ್ಯಾಂಡು ಮತ್ತೆ ಸೇರಿದಾಗ ಅಭಿಮಾನಿಗಳ ಕಣ್ಣು ಹಾಡಿನ ಮೇಲೆ ಇರುವುದಿಲ್ಲ, ಇಬ್ಬರು ಪರಸ್ಪರ ಮುಖ ನೋಡುತ್ತಿದ್ದಾರೋ ಇಲ್ಲವೋ ಎಂಬುದರ ಮೇಲೆ ಇರುತ್ತದೆ. ಭಾಗವಾದ ಅಣ್ಣತಮ್ಮಂದಿರು ಮದುವೆ ಮನೆಯಲ್ಲಿ ಎದುರಾದಾಗ ನೆಂಟರು ನೋಡುವಂತೆ. ಬರ್ಮಾದವರಿಗೆ ಆ ಹೊರೆ ಇರಲಿಲ್ಲ. ಅವರಿಗಿದ್ದದ್ದು ಅರ್ಧಕ್ಕೆ ನಿಂತ ಕೆಲಸ.

ಮುಂದಿನ ಹತ್ತೊಂಬತ್ತು ವರ್ಷ ಅವರು ಎಲ್ಲೆಲ್ಲಿಗೋ ಹೋದರು. ಮಿಲ್ಲರ್ ವಿದ್ಯುತ್ ಗಿಟಾರ್ ಬಿಟ್ಟು ಪಿಯಾನೋ ಹಿಡಿದರು. ಬರ್ಡ್‌ಸಾಂಗ್ಸ್ ಆಫ್ ದಿ ಮೆಸೊಜೋಯಿಕ್ ಎಂಬ ವಿಚಿತ್ರ ಹೆಸರಿನ ತಂಡದಲ್ಲಿ ಸ್ವೋಪ್ ಕೂಡ ಅವರ ಜೊತೆಗಿದ್ದರು. ಆಮೇಲೆ ಮಿಲ್ಲರ್ ಆಲಾಯ್ ಆರ್ಕೆಸ್ಟ್ರಾ ಸೇರಿ ಹಳೆಯ ಮೂಕಿ ಚಿತ್ರಗಳಿಗೆ ಎದುರಿನಲ್ಲೇ ಕೂತು ಸಂಗೀತ ಕೊಡತೊಡಗಿದರು. ಗದ್ದಲದಿಂದ ಕಿವಿ ಕಳೆದುಕೊಂಡವರಿಗೆ ಮೂಕಿ ಚಿತ್ರದಲ್ಲಿ ಆಶ್ರಯ ಸಿಕ್ಕಿತು ಎಂಬುದನ್ನು ಕಾದಂಬರಿಯಲ್ಲಿ ಬರೆದಿದ್ದರೆ ಸಂಪಾದಕರು ಹೊಡೆದುಹಾಕುತ್ತಿದ್ದರು. ಪ್ರೆಸ್ಕಾಟ್ ವಾಲ್ಕೇನೋ ಸನ್ಸ್ ಎಂಬ ತಂಡ ಕಟ್ಟಿ ಡ್ರಮ್ ಬಾರಿಸುತ್ತಲೇ ಇದ್ದರು. ಕಾನ್ಲಿ ಬಾಸ್ಟನ್ನಿನ ಟೆಲಿವಿಷನ್ ಚಾನೆಲ್ಲೊಂದರಲ್ಲಿ ನಿರ್ಮಾಪಕರಾಗಿ ಸೇರಿ ಸಂಸಾರಸ್ಥರಾದರು. ಬ್ಯಾಂಡಿನ ಅತಿ ಹೆಸರಾದ ಹಾಡು ಬರೆದವರು ಕಾನ್ಲಿ. ಅವರೇ ಹೆಚ್ಚುಕಡಿಮೆ ಎರಡು ದಶಕ ಹಾಡು ಬರೆಯುವುದನ್ನು ಬಿಟ್ಟಿದ್ದರು.

ಬ್ಯಾಂಡ್ ಇಲ್ಲದಿದ್ದ ಆ ಕಾಲದಲ್ಲೇ ಅದರ ಅಭಿಮಾನಿಗಳು ಬೆಳೆದರು ಎಂಬುದು ಈ ಕಥೆಯ ತಿರುಳು. 1983ರ ಪ್ರವಾಸಗಳಲ್ಲಿ ಬಾಸ್ಟನ್ ಬಿಟ್ಟು ಹೊರಗೆ ಹೋದರೆ ಬೆರಳೆಣಿಕೆಯ ಜನ ಎದುರಿಗೆ ಇರುತ್ತಿದ್ದರು. ಆದರೂ ಅವರ ಹಾಡು ಯಾರು ಯಾರ ಕಿವಿಗೆ ಬಿದ್ದಿತ್ತು ಎಂಬುದು ಆಮೇಲೆ ಗೊತ್ತಾಯಿತು. ಆರ್‌.ಇ.ಎಂ. ಬ್ಯಾಂಡಿನವರು ಲೋಕಪ್ರಸಿದ್ಧರಾದ ಮೇಲೆ ಇವರ ‘ಅಕಾಡೆಮಿ ಫೈಟ್ ಸಾಂಗ್’ ಹಾಡನ್ನು ತಮ್ಮ ವೇದಿಕೆಯಲ್ಲಿ ಹಾಡಿದರು, ಅಭಿಮಾನಿ ಸಂಘದವರಿಗೆಂದು ರೆಕಾರ್ಡ್ ಮಾಡಿಕೊಟ್ಟರು. 1996ರಲ್ಲಿ ಸಂಗೀತಗಾರ ಮೋಬಿ ‘ದಟ್ಸ್ ವೆನ್ ಐ ರೀಚ್ ಫಾರ್ ಮೈ ರಿವಾಲ್ವರ್’ ಹಾಡನ್ನು ತನ್ನದಾಗಿಸಿಕೊಂಡರು. ಎಂಟಿವಿಗೆ ಪಿಸ್ತೂಲಿನ ಮಾತು ಹಿಡಿಸದೆ ಅಲ್ಲಿಗೆ ಕೊಟ್ಟ ಪ್ರತಿಯಲ್ಲಿ ಸಾಲು ಬದಲಾಯಿತು. ಕಾನ್ಲಿಯ ಹಾಡು ಹೀಗೆ ಹೆಸರು ಕಳೆದುಕೊಂಡು ಹೆಚ್ಚು ಮನೆಗಳನ್ನು ಹೊಕ್ಕಿತು. ಇನ್ನು ಜೆರಾರ್ಡ್ ಕಾಸ್ಲಾಯ್ ಎಂಬ ಹುಡುಗ. ಬಾಸ್ಟನ್ ಸೀಮೆಯಲ್ಲಿ ಹದಿಹರೆಯದಲ್ಲೇ ‘ಕಾನ್‌ಫ್ಲಿಕ್ಟ್’ ಎಂಬ ಪುಟ್ಟ ಪತ್ರಿಕೆಯನ್ನು ತಾನೇ ಬರೆದು ಜೆರಾಕ್ಸ್ ಮಾಡಿಸಿ ಹಂಚುತ್ತಿದ್ದವನು. ಅವನು ಬೆಳೆದು ನ್ಯೂಯಾರ್ಕಿನ ಮೆಟಡೋರ್ ರೆಕಾರ್ಡ್ಸ್ ಸಂಸ್ಥೆಯ ಯಜಮಾನರಲ್ಲೊಬ್ಬನಾದ. ಮೈಕಲ್ ಅಜೆರಾಡ್ ಎಂಬ ಲೇಖಕ 1980ರ ದಶಕದ ಅಮೆರಿಕದ ಹದಿಮೂರು ಸ್ವತಂತ್ರ ಬ್ಯಾಂಡ್‌ಗಳ ಬಗ್ಗೆ ‘ಅವರ್ ಬ್ಯಾಂಡ್ ಕುಡ್ ಬಿ ಯುವರ್ ಲೈಫ್’ ಎಂಬ ದಪ್ಪ ಪುಸ್ತಕ ಬರೆದರು. ಅದರಲ್ಲೊಂದು ಇಡೀ ಅಧ್ಯಾಯ ಬರ್ಮಾದವರಿಗೆ ಮೀಸಲು. ಪುಸ್ತಕ ಬಂದದ್ದು 2001ರಲ್ಲಿ. ಬ್ಯಾಂಡ್ ಇದ್ದಾಗ ಹುಟ್ಟೇ ಇರದ ಹುಡುಗ ಹುಡುಗಿಯರು ಆ ಅಧ್ಯಾಯ ಓದಿ ಹಳೇ ರೆಕಾರ್ಡ್ ಹುಡುಕತೊಡಗಿದರು.

ಅಭಿಮಾನಿ ಎಂದರೆ ಹಾರ ಹಾಕುವವನು, ಕಟೌಟಿಗೆ ಹಾಲೆರೆಯುವವನು ಎಂದಷ್ಟೇ ತಿಳಿದಿರುವ ನಮಗೆ ಇದು ಬೇರೆ ಜಾತಿಯ ಅಭಿಮಾನ. ಇಲ್ಲಿ ಅಭಿಮಾನಿ ಸ್ವತಃ ಒಂದು ಬ್ಯಾಂಡ್ ಕಟ್ಟುತ್ತಾನೆ, ಪತ್ರಿಕೆ ಮಾಡುತ್ತಾನೆ, ಕಂಪನಿ ತೆಗೆಯುತ್ತಾನೆ, ಪುಸ್ತಕ ಬರೆಯುತ್ತಾನೆ. ಪಂಕ್‌ನ ಎರಡನೇ ಕಲಮು ಕಾಗದದ ಮೇಲೆ ಉಳಿಯದೆ ನಿಜವಾದದ್ದು ಹೀಗೆ.

2002ರ ಜನವರಿಯಲ್ಲಿ ಅವರು ಮತ್ತೆ ಸೇರಿದರು. ಮೊದಲ ಯೋಚನೆ ಕೆಲವೇ ಕಾರ್ಯಕ್ರಮ ಕೊಟ್ಟು ಮನೆಗೆ ಹೋಗುವುದು, ಅಷ್ಟೆ. ನ್ಯೂಯಾರ್ಕಿನ ಅರ್ವಿಂಗ್ ಪ್ಲಾಜಾ, ತವರೂರು ಬಾಸ್ಟನ್. ಸ್ವೋಪ್ ಬರಲೊಪ್ಪಲಿಲ್ಲ. ಟೇಪಿನ ಮೇಜಿಗೆ ಬಾಬ್ ವೆಸ್ಟನ್ ಬಂದು ಕೂತರು. ಶೆಲ್ಲಾಕ್ ತಂಡದ ಬಾಸ್ ವಾದಕರಾದ ವೆಸ್ಟನ್, ಅದಕ್ಕೂ ಮೊದಲು ಪ್ರೆಸ್ಕಾಟರ ವಾಲ್ಕೇನೋ ಸನ್ಸ್‌ನಲ್ಲಿ ಇದ್ದವರು. ಅವರೂ ಒಂದು ಲೆಕ್ಕದಲ್ಲಿ ಅಭಿಮಾನಿಯೇ. ಮಿಲ್ಲರ್ ಕಿವಿಗೆ ಅದೇ ದಪ್ಪ ಮುಚ್ಚಳ ಬಂತು. ಡ್ರಮ್ಸಿನ ಸುತ್ತ ಪಾರದರ್ಶಕ ಪ್ಲಾಸ್ಟಿಕ್ ಗೋಡೆ ಎದ್ದಿತು. ಐವತ್ತರ ಮಿಲ್ಲರ್ ಗೋಡೆಯ ಈಚೆಗೆ, ಪ್ರೆಸ್ಕಾಟ್ ಗೋಡೆಯ ಆಚೆಗೆ. ಅಷ್ಟು ಏರ್ಪಾಟು ಮಾಡಿಕೊಂಡು ಅವರು ಮತ್ತೆ ಅದೇ ಗದ್ದಲ ಎಬ್ಬಿಸಿದರು. ಒಂದು ವಿನೋದ ಹೇಳಬೇಕು: ಈ ನಡುವೆ ಬರ್ಮಾ ದೇಶ ತನ್ನ ಹೆಸರನ್ನೇ 1989ರಲ್ಲಿ ಮ್ಯಾನ್ಮಾರ್ ಎಂದು ಬದಲಿಸಿಕೊಂಡಿತ್ತು. ಬ್ಯಾಂಡು ಹಳೇ ಹೆಸರನ್ನು ಬಿಡಲಿಲ್ಲ.

ಇಲ್ಲಿಗೇ ನಿಲ್ಲಿಸಿದ್ದರೆ ಅದೊಂದು ಸೊಗಸಾದ ಪುನರ್ಮಿಲನ ಆಗುತ್ತಿತ್ತು, ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. 2004ರಲ್ಲಿ ‘ಆನ್ಆಫ್ಆನ್’ ಎಂಬ ಆಲ್ಬಮ್ ಬಂತು. ಹೆಸರಿನಲ್ಲೇ ಚರಿತ್ರೆಯಿದೆ: ಹೊತ್ತಿಸು, ಆರಿಸು, ಹೊತ್ತಿಸು. ‘ವರ್ಸಸ್’ ಅವರ ಮೊದಲ ಪೂರ್ಣ ಆಲ್ಬಮ್, ಇದು ಎರಡನೆಯದು. ನಡುವೆ 22 ವರ್ಷ. ಹೊರತಂದದ್ದು ಯಾರು ಅಂದುಕೊಂಡಿರಿ? ಮೆಟಡೋರ್. ಜೆರಾಕ್ಸ್ ಪತ್ರಿಕೆಯ ಹುಡುಗನ ಕಂಪನಿ.

ಆಲ್ಬಮ್ ಕೇಳಿದರೆ ಮೊದಲ ಹಾಡು ‘ದಿ ಸೆಟಪ್’ನಲ್ಲೇ ಒಂದು ವಿಷಯ ಸ್ಪಷ್ಟವಾಗುತ್ತದೆ. ಇವರು ತಮ್ಮನ್ನು ತಾವೇ ಅನುಕರಿಸುತ್ತಿಲ್ಲ. ಹಳೇ ಬ್ಯಾಂಡುಗಳು ಮತ್ತೆ ಸೇರಿ ಹಾಡು ಕಟ್ಟುವಾಗ ಬೀಳುವ ಹಳ್ಳ ಇದು. ಇಪ್ಪತ್ತರ ಹುಡುಗನ ಸಿಟ್ಟನ್ನು ಐವತ್ತರಲ್ಲಿ ನೆನಪಿನಿಂದ ಬರೆಯಲು ಹೋಗುತ್ತಾರೆ, ಅದು ಹಲ್ಲುಸೆಟ್ಟು ಕಟ್ಟಿಸಿಕೊಂಡು ಕಬ್ಬು ಸಿಗಿದಂತೆ ಕೇಳುತ್ತದೆ. ಬರ್ಮಾದವರು ಇದನ್ನು ಒಂದು ಉಪಾಯದಿಂದ ದಾಟಿದರು. ಆರಂಭದ ದಿನಗಳಲ್ಲಿ ನುಡಿಸಿದ್ದ, ಆದರೆ ಆಲ್ಬಮ್ಮಿಗೆ ಸೇರದೆ ಉಳಿದ ‘ಹಂಟ್ ಅಗೇನ್’, ‘ಡರ್ಟ್’, ‘ಪ್ಲೇಲ್ಯಾಂಡ್’ ಮೊದಲಾದ ಹಾಡುಗಳನ್ನು ಹೊಸದಾಗಿ ನುಡಿಸಿ ಹೊಸ ಹಾಡುಗಳ ನಡುವೆ ಬೆರೆಸಿಟ್ಟರು. ಯಾವುದು 1980ರದ್ದು, ಯಾವುದು 2003ರದ್ದು ಎಂದು ಕಿವಿ ಹುಡುಕುತ್ತದೆ, ಸೋಲುತ್ತದೆ. ಬೂದಿಯ ಕೆಳಗೆ ಕೆಂಡ ಇಟ್ಟು ಮಲಗಿ ಬೆಳಿಗ್ಗೆ ಊದಿ ಒಲೆ ಹಚ್ಚುತ್ತಿದ್ದರಲ್ಲ ನಮ್ಮ ಅಜ್ಜಿಯರು, ಆ ಬಗೆ.

ನನಗೆ ಹೆಚ್ಚು ಹಿಡಿಸಿದ್ದು ‘ಮ್ಯಾಕ್ಸ್ ಅರ್ನ್‌ಸ್ಟ್ಸ್ ಡ್ರೀಮ್’. ಅವರ ಮೊದಲ ಸಿಂಗಲ್‌ನ ಹಿಂಬದಿಯಲ್ಲಿ 1980ರಲ್ಲಿ ‘ಮ್ಯಾಕ್ಸ್ ಅರ್ನ್‌ಸ್ಟ್’ ಎಂಬ ಹಾಡಿತ್ತು, ಅತಿವಾಸ್ತವವಾದಿ ಚಿತ್ರಕಾರನ ಮೇಲೆ ಮಿಲ್ಲರ್ ಬರೆದದ್ದು. ಎರಡು ದಶಕ ಕಳೆದ ಮೇಲೆ ಅದೇ ಚಿತ್ರಕಾರನ ಕನಸಿಗೆ ಅವರು ವಾಪಸಾಗಿದ್ದಾರೆ. ಬಿಟ್ಟ ಮಾತನ್ನು ಮುಂದುವರಿಸುವ ಈ ಠೀವಿ ನೋಡಿ: ಹೇಗಿದ್ದೀರಿ, ಎಲ್ಲಿದ್ದಿರಿ ಇಷ್ಟು ದಿನ ಎಂಬ ಉಪಚಾರವಿಲ್ಲ. ನಿನ್ನೆ ಸಂಜೆ ಎಲ್ಲಿಗೆ ನಿಲ್ಲಿಸಿದ್ದೆವು, ಹಾಂ, ಅಲ್ಲಿಂದ ಎನ್ನುವ ಹಾಗಿದೆ. ಎಲ್ಲ ಹಾಡೂ ಈ ಮಟ್ಟದ್ದಲ್ಲ. ಕಾನ್ಲಿಯ ‘ನಿಕೋಟಿನ್ ಬಾಂಬ್’ ನನ್ನ ಕಿವಿಗೆ ದಾರಿ ತಪ್ಪಿ ಬಂದ ನೆಂಟನಂತೆ ಕೇಳುತ್ತದೆ. ಆಲ್ಬಮ್ ಸ್ವಲ್ಪ ಉದ್ದವೂ ಆಯಿತು. ಎರಡು ವರ್ಷದ ಮೇಲೆ ಬಂದ ‘ದಿ ಒಬ್ಲಿಟರಾಟಿ’ ಇದಕ್ಕಿಂತ ಬಿಗಿ, ಇದಕ್ಕಿಂತ ಒರಟು. ಕಟ್ಟಾ ಅಭಿಮಾನಿಗಳಲ್ಲೂ ಅದನ್ನು ‘ವರ್ಸಸ್’ ಪಕ್ಕ ಇಡುವವರಿದ್ದಾರೆ. ನಾನೂ ಅವರ ಗುಂಪಿನವನೇ.

ಇದೇ ಹೊತ್ತಿಗೆ ಬೇರೆಯವರು ಏನು ಮಾಡುತ್ತಿದ್ದರು ಎಂದು ನೋಡಿದರೆ ಇವರು ಮಾಡಿದ್ದರ ತೂಕ ತಿಳಿಯುತ್ತದೆ. ಬಾಸ್ಟನ್ನಿನದೇ ಇನ್ನೊಂದು ಬ್ಯಾಂಡ್ ಪಿಕ್ಸೀಸ್ ಮತ್ತೆ ಸೇರಿದ್ದು ಅದೇ 2004ರಲ್ಲಿ. ಬರ್ಮಾದವರಿಗಿಂತ ಎಷ್ಟೋ ಪಾಲು ದೊಡ್ಡ ಹೆಸರು, ಎಷ್ಟೋ ಪಾಲು ದೊಡ್ಡ ಮೈದಾನ. ಹಳೇ ಹಾಡುಗಳನ್ನೇ ನುಡಿಸುತ್ತ ದೇಶ ದೇಶ ಸುತ್ತಿದರು. ಹೊಸ ಆಲ್ಬಮ್ ಬರಲು ಹತ್ತು ವರ್ಷ ಹಿಡಿಯಿತು, ಅಷ್ಟರಲ್ಲಿ ಬಾಸ್ ವಾದಕಿ ಕಿಮ್ ಡೀಲ್ ತಂಡ ಬಿಟ್ಟಾಗಿತ್ತು. ದಿ ಸ್ಟೂಜಸ್ ಕಥೆ ಇನ್ನೂ ಕಹಿ. ಪಂಕ್‌ಗೆ ಅಜ್ಜ ಎನ್ನಬಹುದಾದ ತಂಡ ಅದು. ಮಿಲ್ಲರ್ ಹುಟ್ಟಿ ಬೆಳೆದ ಮಿಶಿಗನ್‌ನ ಆನ್ ಆರ್ಬರ್ ಪಟ್ಟಣದ್ದೇ. ಬರ್ಮಾದವರು 1983ರ ತಮ್ಮ ವಿದಾಯ ಪ್ರವಾಸದಲ್ಲಿ ಸ್ಟೂಜಸ್ ಹಾಡು ಹಾಡಿ ಋಣ ತೀರಿಸಿದ್ದರು. ಆ ಸ್ಟೂಜಸ್ 1973ರ ನಂತರ ಮೊದಲ ಬಾರಿಗೆ 2007ರಲ್ಲಿ ‘ದಿ ವಿಯರ್ಡ್‌ನೆಸ್’ ಎಂಬ ಆಲ್ಬಮ್ ತಂದರು. ಧ್ವನಿಮುದ್ರಣಕ್ಕೆ ಸ್ಟೀವ್ ಆಲ್ಬಿನಿಯಂಥ ಗಟ್ಟಿಗರಿದ್ದರು. ವೇದಿಕೆ ಮೇಲೆ ಗಾಯಕ ಇಗ್ಗಿ ಪಾಪ್ ಆಗಲೂ ಬೆಂಕಿಯೇ. ಆಲ್ಬಮ್ ಮಾತ್ರ ವಿಮರ್ಶಕರ ಕೈಯಲ್ಲಿ ಚಿಂದಿಯಾಯಿತು, ನನ್ನ ಪ್ರಕಾರ ಅದಕ್ಕೆ ಅರ್ಹವೂ ಆಗಿತ್ತು. ಹಳೇ ಮೇಳ ಹಳೇ ಪ್ರಸಂಗವನ್ನು ಎಷ್ಟೇ ಚೆನ್ನಾಗಿ ಆಡಲಿ, ಹೊಸ ಪ್ರಸಂಗಕ್ಕೆ ಕವಿ ಬೇಕು. ಮತ್ತೆ ಸೇರುವುದರಿಂದ ಕವಿ ಹುಟ್ಟುವುದಿಲ್ಲ.

ಹಾಗಾದರೆ ಮತ್ತೆ ಸೇರದಿರುವುದೇ ಕ್ಷೇಮವೇ? ವಾಷಿಂಗ್ಟನ್ನಿನ ಫುಗಾಜಿ ತಂಡ ಹಾಗೆ ನಂಬಿರುವಂತಿದೆ. 2002ರ ನಂತರ ವೇದಿಕೆ ಹತ್ತಿಲ್ಲ, ನಾಲ್ವರೂ ಸ್ನೇಹಿತರು, ಬ್ಯಾಂಡ್ ಮುರಿದಿದೆ ಎಂದೂ ಹೇಳುವುದಿಲ್ಲ. ಅವರ ಅಭಿಮಾನಿಗಳು ಪ್ರತಿ ವರ್ಷ ಯುಗಾದಿ ಮಳೆಗೆ ಕಾದಂತೆ ಕಾಯುತ್ತಾರೆ. ಲಂಡನ್ನಿನ ಪಂಕ್ ತಂಡ ದಿ ಕ್ಲ್ಯಾಶ್ ಮತ್ತೆ ಸೇರೀತೆಂಬ ಆಸೆ 2002ರ ಡಿಸೆಂಬರಿನಲ್ಲಿ ಅದರ ಗಾಯಕ ಜೋ ಸ್ಟ್ರಮರ್ ಸಾವಿನೊಂದಿಗೆ ಮುಗಿಯಿತು. ರಮೋನ್ಸ್‌ನ ಮೂಲ ನಾಲ್ವರಲ್ಲಿ ಇವತ್ತು ಒಬ್ಬರೂ ಇಲ್ಲ. ಕಾಯುವುದಕ್ಕೂ ಒಂದು ಮಿತಿ ಇದೆ ಎಂದು ಇವೆಲ್ಲ ನೆನಪಿಸುತ್ತವೆ.

ಬರ್ಮಾದವರ ಅಭಿಮಾನಿಗಳಲ್ಲಿ ಹಿರಿಯರು, ಅಂದರೆ 1982ರಲ್ಲಿ ಎದುರಿಗೆ ನಿಂತು ಕೇಳಿದವರು, ಎರಡನೇ ಸುತ್ತಿನಲ್ಲಿ ಕಿವಿಗೆ ಸ್ಪಂಜಿನ ಬಿರಡೆ ತುರುಕಿಕೊಂಡೇ ಬಂದರು. ಅವರ ನೆಚ್ಚಿನ ಗಿಟಾರ್ ವಾದಕ ತನ್ನ ದೇಹದ ಮೇಲೇ ಪಾಠ ಬರೆದು ತೋರಿಸಿದ್ದರಲ್ಲ. ಪಂಕ್ ಲೋಕದಲ್ಲಿ ಈ ಪಾಠ ಕಲಿತವರು ಅವರೊಬ್ಬರೇ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ದಿ ಕಾಂಟ್ರಾಕ್ಷನ್ಸ್ ಎಂಬ ಪಂಕ್ ತಂಡದ ಬಾಸ್ ವಾದಕಿ ಕ್ಯಾಥಿ ಪೆಕ್ 1984ರಲ್ಲಿ ಒಂದು ದೊಡ್ಡ ಕಾರ್ಯಕ್ರಮದ ನಂತರ ಶ್ರವಣಶಕ್ತಿ ಕಳೆದುಕೊಂಡರು. ನಾಲ್ಕು ವರ್ಷದ ಮೇಲೆ ವೈದ್ಯರೊಬ್ಬರ ಜೊತೆ ಸೇರಿ ಸಂಗೀತಗಾರರ ಕಿವಿ ಉಳಿಸಲೆಂದೇ ಹಿಯರ್ ಎಂಬ ಸಂಸ್ಥೆ ಕಟ್ಟಿದರು. ಅದಕ್ಕೆ ಮೊದಲ ದೊಡ್ಡ ದೇಣಿಗೆ ಕೊಟ್ಟವರು ದಿ ಹೂ ತಂಡದ ಪೀಟ್ ಟೌನ್‌ಶೆಂಡ್. ಅವರಿಗೂ ಕಿವಿಮೊರೆತ.

2009ರಲ್ಲಿ ಬಾಸ್ಟನ್ ನಗರಾಡಳಿತ ಒಂದು ದಿನವನ್ನು ‘ಮಿಷನ್ ಆಫ್ ಬರ್ಮಾ ದಿನ’ ಎಂದು ಸಾರಿತು. ನಗರಾಡಳಿತದ ಮುದ್ರೆ ಒತ್ತಿಸಿಕೊಂಡ ಪಂಕ್ ಬ್ಯಾಂಡು ಇನ್ನೂ ಪಂಕ್ ಹೌದೋ ಅಲ್ಲವೋ, ನೀವೇ ಹೇಳಿ. ಆ ವರ್ಷವೇ ‘ದಿ ಸೌಂಡ್ ದಿ ಸ್ಪೀಡ್ ದಿ ಲೈಟ್’, 2012ರಲ್ಲಿ ‘ಅನ್‌ಸೌಂಡ್’ ಬಂದವು. ಮೊದಲ ಜನ್ಮದಲ್ಲಿ ನಾಲ್ಕು ವರ್ಷ, ಒಂದು ಪೂರ್ಣ ಆಲ್ಬಮ್. ಎರಡನೇ ಜನ್ಮದಲ್ಲಿ ಹತ್ತು ವರ್ಷಕ್ಕೂ ಮೇಲೆ, ನಾಲ್ಕು ಆಲ್ಬಮ್. ಮತ್ತೆ ಕೂಡಿದ ಬೇರೆ ಯಾವ ಪಂಕ್ ಬ್ಯಾಂಡಿನ ಲೆಕ್ಕವೂ ಇಷ್ಟು ತಲೆಕೆಳಗಾಗಿದ್ದು ನನಗೆ ನೆನಪಾಗುತ್ತಿಲ್ಲ.

ಕೇಳಬೇಕೆನ್ನಿಸಿದರೆ ‘ವರ್ಸಸ್’ನಿಂದ ಶುರುಮಾಡಿ, ನೇರ ‘ದಿ ಒಬ್ಲಿಟರಾಟಿ’ಗೆ ಜಿಗಿಯಿರಿ, ಆಮೇಲೆ ‘ಆನ್ಆಫ್ಆನ್’ಗೆ ಹಿಂದಿರುಗಿ. ಹೆಡ್‌ಫೋನಿನ ದನಿ ಅರ್ಧಕ್ಕಿಂತ ಮೇಲೆ ಏರಿಸಬೇಡಿ. ಮುಂದಿನ ಸಲ ಯಾವುದಾದರೂ ಸಂಗೀತ ಕಾರ್ಯಕ್ರಮದಲ್ಲಿ ‘ಈಗೊಂದು ಹೊಸ ಹಾಡು’ ಎಂದು ಗಾಯಕರು ಹೇಳಿದಾಗ, ದಯವಿಟ್ಟು ಕಾಫಿಗೆ ಏಳಬೇಡಿ.